ನನ್ನ ಮೇಲೆ ಕತ್ತಿ ಮಸೆಯುತ್ತಿದ್ದಾರೆ

ಕೊರೊನಾದ ಎರಡನೇ ಅಲೆ ಇಳಿದ ಮರುವರ್ಷ, ಮಾರ್ಚ್ ತಿಂಗಳು. ನಾನಾಗ ಕಡಬ ತಾಲೂಕಿನ ಒಂದು ಪೊಲೀಸ್ ಠಾಣೆಯಲ್ಲಿ ಎಎಸ್‌ಐ, ಅಂದರೆ ಸಹಾಯಕ ಸಬ್ ಇನ್‌ಸ್ಪೆಕ್ಟರ್. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಠಾಣೆಯ ಹೆಸರು ಬೇಡ. ಆದ ತಪ್ಪು ಠಾಣೆಯದಲ್ಲ, ನನ್ನದು. ಇಲ್ಲಿ ಬರುವವರ ಹೆಸರುಗಳನ್ನೂ ಬದಲಾಯಿಸಿದ್ದೇನೆ. ಗಂಟೆ, ನಿಮಿಷಗಳನ್ನು ಮಾತ್ರ ಬದಲಾಯಿಸಿಲ್ಲ. ಅವು ನನಗೆ ಬಾಯಿಪಾಠವಾಗಿವೆ.

ಠಾಣೆಗೆ ಬಂದವರ ಮಾತನ್ನು ಅರ್ಜಿಯಾಗಿ ಬರೆದುಕೊಳ್ಳುವುದರಲ್ಲಿ ನನ್ನ ಕೈ ಪಳಗಿತ್ತು. ಜನ ಮಾತಾಡುವ ಕನ್ನಡ ಬೇರೆ, ಠಾಣೆಯ ಕಾಗದದ ಕನ್ನಡ ಬೇರೆ. ‘ಬಾಯಿಗೆ ಬಂದ ಹಾಗೆ ಬೈದ’ ಎಂದು ಅವರು ಹೇಳಿದರೆ ನಾವು ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂದು ಬರೆಯುತ್ತೇವೆ. ‘ಇವತ್ತು ನಿನ್ನನ್ನು ಬಿಡುದಿಲ್ಲ ಅಂದ’ ಎಂದರೆ ‘ಜೀವಬೆದರಿಕೆ ಒಡ್ಡಿ’ ಎಂದಾಗುತ್ತದೆ. ಹತ್ತು ನಿಮಿಷದ ಅಳುವನ್ನು ನಾಲ್ಕು ಸಾಲಿಗೆ ಇಳಿಸುವ ಈ ವಿದ್ಯೆಯ ಬಗ್ಗೆ ನನಗೆ ಜಂಬವೇ ಇತ್ತು. ಹೊಸ ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಕೂಡ, ಅರ್ಜಿ ಬರೆಯುವುದಿದ್ದರೆ ಮೇಡಂ ಬರೆಯಲಿ ಎನ್ನುತ್ತಿದ್ದರು.

ನನ್ನ ಜೊತೆ ಕೆಲಸ ಮಾಡುತ್ತಿದ್ದವರು ಹೆಡ್ ಕಾನ್‌ಸ್ಟೇಬಲ್ ಕುಶಾಲಪ್ಪಣ್ಣ, ಸುಳ್ಯದ ಕಡೆಯವರು. ಅವರ ಜೇಬಿನಲ್ಲಿ ಸದಾ ಒಂದು ಪೀಶಕತ್ತಿ ಇರುತ್ತಿತ್ತು. ಮಡಚುವ ಸಣ್ಣ ಚೂರಿಗೆ ನಮ್ಮ ಕಡೆ ಹಾಗೆ ಹೇಳುತ್ತಾರೆ. ಅಡಿಕೆ ಕೆರೆಯಲು, ವೀಳ್ಯದೆಲೆಯ ತೊಟ್ಟು ಚಿವುಟಲು, ಪಾರ್ಸೆಲ್ಲಿನ ದಾರ ಕತ್ತರಿಸಲು ಎಲ್ಲಕ್ಕೂ ಅದೇ. ವಾರಕ್ಕೊಮ್ಮೆ ಊಟದ ನಂತರ ಠಾಣೆಯ ಹಿಂದಿನ ಮೆಟ್ಟಿಲಲ್ಲಿ ಕುಳಿತು ಅದನ್ನು ಮಸೆಯುತ್ತಿದ್ದರು. ಕಲ್ಲನ್ನು ಮೊದಲು ನೀರಿನಲ್ಲಿ ನೆನೆಹಾಕಬೇಕು. ಅಲಗನ್ನು ಕಲ್ಲಿನ ಮೇಲೆ ಮಲಗಿಸಿ, ಬೆನ್ನನ್ನು ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ಮಾತ್ರ ಎತ್ತಬೇಕು. ಕಲ್ಲಿನಿಂದ ತೆಳ್ಳನೆಯ ಸಿಪ್ಪೆ ಎಬ್ಬಿಸುವಂತೆ ಮುಂದಕ್ಕೆ ದೂಡಬೇಕು. ಹತ್ತು ಸಲ ಎಳೆದು ನಿಲ್ಲಿಸಿ, ಆಚೆ ಮಗ್ಗುಲಿಗೆ ಹೆಬ್ಬೆರಳು ಸವರಿ ನೋಡಬೇಕು. ಬಾಯಿಯ ಅಂಚಿನಲ್ಲಿ ಕೂದಲೆಳೆಯಂಥ ನೂಲು ಎದ್ದದ್ದು ಬೆರಳಿಗೆ ಸಿಕ್ಕಿದರೆ ಕತ್ತಿಯನ್ನು ಮಗುಚಬೇಕು. ಕೊನೆಗೆ ನುಣುಪು ಕಲ್ಲು. ಆಮೇಲೆ ಹಳೆಯ ಯೂನಿಫಾರ್ಮ್ ಬೆಲ್ಟಿನ ಒಳಮೈಗೆ ಹಿಮ್ಮುಖವಾಗಿ ನಾಲ್ಕು ಸಲ ಸವರಿದರೆ ಮುಗಿಯಿತು. ನಾನು ಕಾಯಿಸಿದ ಚಹಾ ಆರುವವರೆಗೂ ಅವರು ಎದ್ದು ಬರುತ್ತಿರಲಿಲ್ಲ.

“ಕಣ್ಣಲ್ಲಿ ನೋಡಿ ಮಸೆಯುದಲ್ಲ ಮೇಡಂ, ಕಿವಿಯಲ್ಲಿ ಕೇಳಿ ಮಸೆಯುದು. ಕೋನ ತಪ್ಪಿದರೆ ಶಬ್ದ ಬದಲಾಗ್ತದೆ,” ಎನ್ನುತ್ತಿದ್ದರು. “ಹರಿತದ ಕತ್ತಿ ಹೇಳಿದ ಹಾಗೆ ಕೇಳ್ತದೆ. ಮೊಂಡು ಕತ್ತಿಯೇ ಕೈ ಕಡಿಯುದು.”

ಆ ಭಾನುವಾರ ಸುಬ್ರಹ್ಮಣ್ಯಕ್ಕೆ ಗಣ್ಯರೊಬ್ಬರು ಬರುವವರಿದ್ದರು. ಠಾಣೆಯ ಮುಕ್ಕಾಲು ಸಿಬ್ಬಂದಿ ಬಂದೋಬಸ್ತಿಗೆ ಹೋಗಿತ್ತು. ಬೆಳಿಗ್ಗೆ ಹತ್ತು ನಲವತ್ತಕ್ಕೆ ಸುಮಾರು ನಲವತ್ತು ವಯಸ್ಸಿನ ಒಬ್ಬ ಹೆಂಗಸು ಬಂದು ನನ್ನ ಮೇಜಿನ ಮುಂದೆ ನಿಂತರು. ಹೆಸರು ದೇವಕಿ. ರಾಮಕುಂಜದಿಂದ ಸ್ವಲ್ಪ ಮುಂದೆ ರಸ್ತೆ ಬದಿಯ ಒಂದು ಕಟ್ಟಡದಲ್ಲಿ ಬಾಡಿಗೆಗಿದ್ದು ಹೊಲಿಗೆ ಮಾಡುವವರು. ಗಂಡ ಲಾರಿಯಲ್ಲಿ ಹೋದರೆ ವಾರಗಟ್ಟಲೆ ಬರುವವರಲ್ಲ. ಕೊರಳಿನಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು. ತೆಗೆದಿಡಲು ಮರೆತು ಬಸ್ಸು ಹತ್ತಿದ್ದರು.

“ಮೇಡಂ, ನನ್ನ ಮೇಲೆ ಕತ್ತಿ ಮಸೆಯುತ್ತಾ ಇದ್ದಾರೆ,” ಎಂದರು.

ಇಂಥ ಮಾತು ಠಾಣೆಯಲ್ಲಿ ವಾರಕ್ಕೆ ಹತ್ತು ಸಲ ಕೇಳುತ್ತದೆ. ಅಣ್ಣ ತಮ್ಮನ ಮೇಲೆ, ನಾದಿನಿ ಅತ್ತಿಗೆಯ ಮೇಲೆ ಕತ್ತಿ ಮಸೆಯದ ಊರು ಯಾವುದು? ನಾನು ಪೆನ್ನಿನ ಕ್ಯಾಪು ತೆಗೆದೆ.

“ಯಾರು ಮಸೆಯುದು?” ಎಂದು ಕೇಳಿದೆ.

“ಮೇಲಿನ ಮನೆಯಲ್ಲಿ. ಅಲ್ಲಿರುದು ಬಾಬಣ್ಣ ಅಂತ.”

ನಮ್ಮದು ಗುಡ್ಡದ ಊರು. ಇಲ್ಲಿ ಪ್ರತಿ ಮನೆಗೂ ಒಂದು ‘ಮೇಲಿನ ಮನೆ’, ಒಂದು ‘ಕೆಳಗಿನ ಮನೆ’ ಇರುತ್ತದೆ. ಮೇಲಿನ ಮನೆ ಎಂದರೆ ಗುಡ್ಡದ ಬದಿಯ ನೆರೆಮನೆ. ಮೇಲಿನವರಿಗೂ ಕೆಳಗಿನವರಿಗೂ ಜಗಳವಾದರೆ ಅದು ನೀರಿಗೇ ಎಂಬುದು ನನ್ನ ಸರ್ವಿಸಿನ ಅನುಭವ. ಹಾಗಾಗಿ ಮುಂದಿನ ಪ್ರಶ್ನೆ ತಾನಾಗಿ ಬಂತು: “ನೀರಿನ ಗಲಾಟೆ ಉಂಟಾ?”

ಆಕೆಗೆ ಆಶ್ಚರ್ಯವಾಯಿತು. “ಹೌದು, ನೀರಿನ ವಿಷಯದಲ್ಲಿ ಒಮ್ಮೆ ಮಾತಾಗಿತ್ತು. ಅದು ಎರಡು ತಿಂಗಳ ಹಿಂದೆ,” ಎಂದರು. ಆಮೇಲೆ, “ಆದರೆ ಆ ಶಬ್ದ…” ಎಂದು ಏನನ್ನೋ ಶುರು ಮಾಡಿದರು. ನನ್ನ ಫೋನು ಬಂದೋಬಸ್ತಿನವರಿಂದ ಎರಡನೇ ಸಲ ಹೊಡೆದುಕೊಳ್ಳುತ್ತಿತ್ತು. “ಬೈದ ಶಬ್ದ ಎಲ್ಲ ಆಮೇಲೆ ಹೇಳಿ, ಮೊದಲು ವಿಷಯ ಬರೆಯುವ,” ಎಂದು ಆಕೆಯ ಬಾಯಿ ಮುಚ್ಚಿಸಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನಾನು ಆ ಜಾತಿಗೆ ಸೇರಿದವಳೆಂದು ಆ ಹೊತ್ತಿನಲ್ಲಿ ನನಗೆ ಗೊತ್ತಿರಲಿಲ್ಲ.

ನಾನು ಬರೆದ ಅರ್ಜಿ ಹೀಗಿತ್ತು: ‘ನಮ್ಮ ಮೇಲಿನ ಮನೆಯ ವಾಸಿಯಾದ ಬಾಬು ಎಂಬವರು ನೀರಿನ ವಿಚಾರವಾಗಿ ಹಳೆಯ ದ್ವೇಷದಿಂದ ನನ್ನ ಮೇಲೆ ಹಗೆ ಸಾಧಿಸುತ್ತಿದ್ದು, ಇದರಿಂದ ನನಗೆ ಜೀವಭಯವಿರುತ್ತದೆ. ಅವರನ್ನು ಕರೆಯಿಸಿ ಸೂಕ್ತ ಎಚ್ಚರಿಕೆ ನೀಡಬೇಕಾಗಿ ವಿನಂತಿ.’ ನಿಯಮದಂತೆ ಓದಿ ಹೇಳಿದೆ. ದೇವಕಿ ಸ್ವಲ್ಪ ಹೊತ್ತು ಕಾಗದವನ್ನೇ ನೋಡಿದರು.

“ಹೀಗೆ ಬರೆದರೂ ಆಗ್ತದಾ ಮೇಡಂ?” ಎಂದು ಕೇಳಿದರು.

“ಹೀಗೇ ಬರೆಯುದು,” ಎಂದೆ. ಆಕೆ ಸಹಿ ಹಾಕಿದರು. ಮಂಗಳವಾರ ಇಬ್ಬರನ್ನೂ ಕರೆಸುತ್ತೇವೆ ಎಂದು ಹೇಳಿ, ಅರ್ಜಿಯನ್ನು ರಿಜಿಸ್ಟರಿಗೆ ಹತ್ತಿಸಿ, ರಶೀದಿ ಕೊಟ್ಟು ಕಳುಹಿಸಿದೆ. ಎಲ್ಲ ಸೇರಿ ಹನ್ನೆರಡು ನಿಮಿಷ ಹಿಡಿದಿರಬಹುದು.

ಸೋಮವಾರ ಮಧ್ಯಾಹ್ನ ಎರಡು ಐವತ್ತಕ್ಕೆ ಆಕೆ ಮತ್ತೆ ಬಂದರು. ನಾಳೆ ಬನ್ನಿ ಎಂದಿದ್ದೆನಲ್ಲ ಎನ್ನುವ ಕಿರಿಕಿರಿ ನನ್ನ ಮುಖದಲ್ಲಿ ಕಂಡಿರಬೇಕು. ಆಕೆ ಕುರ್ಚಿಯಲ್ಲಿ ಕೂರಲೂ ಇಲ್ಲ.

“ಶಬ್ದ ಸಣ್ಣ ಆಗಿದೆ ಮೇಡಂ,” ಎಂದರು.

“ಯಾವ ಶಬ್ದ?”

“ಕತ್ತಿ ಮಸೆಯುದು.”

“ಎಲ್ಲಿ?”

ದೇವಕಿ ತೋರುಬೆರಳನ್ನು ಎತ್ತಿ ಠಾಣೆಯ ಮಾಡಿನ ಕಡೆ ತೋರಿಸಿದರು. “ಮೇಲೆ,” ಎಂದರು. “ನನ್ನ ಮೇಲೆ.”

ನಾನು ತಲೆಯೆತ್ತಿದೆ. ಅಲ್ಲಿ ಫ್ಯಾನು ತಿರುಗುತ್ತಿತ್ತು. ಎರಡು ಪ್ರಶ್ನೆ ಕೇಳಿದ ಮೇಲೆ ಅರ್ಥವಾಯಿತು. ಮೇಲಿನ ಮನೆ ಎಂದರೆ ಮಾಳಿಗೆ. ಆಕೆ ಇರುವುದು ಎರಡಂತಸ್ತಿನ ಕಟ್ಟಡದ ಕೆಳಗಿನ ಕೋಣೆಯಲ್ಲಿ. ನೀರಿನ ವಿಷಯ ಎಂದರೆ ಮಾಳಿಗೆಯ ಟ್ಯಾಂಕಿ ತುಂಬಿ ಇವರ ಒಗೆದ ಬಟ್ಟೆಯ ಮೇಲೆ ಚೆಲ್ಲಿದ್ದು, ಅಷ್ಟೇ. ಆಕೆ ಹೇಳಿದ್ದರಲ್ಲಿ ಗಾದೆಯೂ ಇರಲಿಲ್ಲ, ಹಗೆಯೂ ಇರಲಿಲ್ಲ. ಮೇಲೆ ಎಂದರೆ ಮೇಲೆ, ಕತ್ತಿ ಎಂದರೆ ಕತ್ತಿ.

“ಈಗ ನೀವು ಹೇಳಿ, ನಾನು ಕೇಳ್ತೇನೆ,” ಎಂದೆ. ಪೆನ್ನು ಮುಟ್ಟಲಿಲ್ಲ. ಕುಶಾಲಪ್ಪಣ್ಣನನ್ನೂ ಕರೆದೆ.

ಬಾಬಣ್ಣ ಐವತ್ತಾರು ವಯಸ್ಸಿನ ಒಂಟಿ ಮನುಷ್ಯ. ಹತ್ತಿರದ ನರ್ಸರಿಯಲ್ಲಿ ಹಲಸು, ಮಾವಿನ ಗಿಡಗಳಿಗೆ ಕಸಿ ಕಟ್ಟುವ ಕೆಲಸ. ಕಸಿಗೆ ಗೆಲ್ಲನ್ನು ಒಂದೇ ಏಟಿಗೆ ಓರೆಯಾಗಿ ಸೀಳಬೇಕು, ಆದ್ದರಿಂದ ಅವರ ಪೀಶಕತ್ತಿ ಯಾವಾಗಲೂ ಹರಿತ. ದಿನವೂ ಮಾಳಿಗೆಯಲ್ಲಿ ಕುಳಿತು ಅದನ್ನು ಮಸೆಯುವುದು ದೇವಕಿಗೆ ಕೇಳಿ ಅಭ್ಯಾಸವಾಗಿತ್ತು. ಶನಿವಾರ ಬೆಳಿಗ್ಗೆ ಬಾಬಣ್ಣ ಕಟ್ಟಡದ ಯಜಮಾನ ಉಮ್ಮರಾಕರ ಹತ್ತಿರ, ಒಂದು ಗಂಟೆಯ ಬಸ್ಸಿಗೆ ಸುಳ್ಯಕ್ಕೆ ಹೋಗುತ್ತೇನೆ, ತಂಗಿಯ ಹೊಸ ಮನೆಯ ಒಕ್ಕಲು ಉಂಟು, ಬರುವುದು ಬುಧವಾರ ಎಂದಿದ್ದರು. ಒಂದೂವರೆಗೆ ನೋಡಿದರೆ ಮಾಳಿಗೆಯ ಮೆಟ್ಟಿಲಿನ ಗ್ರಿಲ್ ಬಾಗಿಲಿಗೆ ಬೀಗ ಬಿದ್ದಿತ್ತು.

“ಅವರು ಹೋದರು ಮೇಡಂ. ಮತ್ತೆ ನಾಲ್ಕು ಗಂಟೆಗೆ ಮೇಲೆ ಮಸೆಯುದು ಶುರು ಆಯ್ತು,” ಎಂದರು ದೇವಕಿ. “ಅವತ್ತು ಫೋನ್ ರಿಂಗ್ ಆಗ್ತಿತ್ತು, ಯಾರೂ ತೆಗೆಯಲಿಲ್ಲ. ಈಗ ಸ್ವಿಚ್ ಆಫ್. ನಾನು ಮೆಶಿನ್ ತುಳಿಯುವಾಗ ಮೆಲ್ಲ ಇರ್ತದೆ. ಮೆಶಿನ್ ನಿಲ್ಲಿಸಿದರೆ ಜೋರಾಗ್ತದೆ. ನಾನು ಇಲ್ಲಿದ್ದೇನೆ ಅಂತ ಅದಕ್ಕೆ ಗೊತ್ತಾಗ್ತದೆ.”

‘ಅದಕ್ಕೆ’ ಎಂದರು. ‘ಅವರಿಗೆ’ ಎನ್ನಲಿಲ್ಲ.

ಹೆದರಿಕೆ ತಡೆಯಲಾಗದೆ ಶನಿವಾರ ಸಂಜೆ ಆಕೆ ಕಸಬರಿಕೆಯ ಹಿಡಿಯಿಂದ ಮಾಡಿಗೆ ಕುಟ್ಟಿದ್ದರು. ಮಸೆಯುವುದು ಥಟ್ಟನೆ ನಿಂತಿತು. ಮರುಕ್ಷಣ ಎರಡು ಪಟ್ಟು ಜೋರಾಗಿ ಶುರುವಾಯಿತು. ಆಕೆ ಕೋಣೆ ಬಿಟ್ಟು ಉಮ್ಮರಾಕರ ಮನೆಗೆ ಓಡಿ, ಎರಡು ರಾತ್ರಿಯೂ ಅವರ ಹೆಂಡತಿಯ ಜೊತೆ ಮಲಗಿದರು. ಹಗಲಿಗೆ ಬಂದರೆ ಶಬ್ದ ಹಾಗೆಯೇ ಇತ್ತು. ಉಮ್ಮರಾಕರಿಗೆ ಕಿವಿ ಮಂದ. ಅವರು ಬಂದು ಗ್ರಿಲ್ಲಿನ ಬೀಗ ನೋಡಿ, ಒಳಗೆ ಜನವೇ ಇಲ್ಲ, ಹೆಗ್ಗಣ ಇರಬೇಕು ಎಂದು ಹೋಗಿದ್ದರು.

ಜೀಪು ಬಂದೋಬಸ್ತಿನಿಂದ ಮರಳಿತ್ತು. ಮೂರು ಇಪ್ಪತ್ತೈದಕ್ಕೆ ನಾವು ಅಲ್ಲಿ ಇಳಿದೆವು. ರಸ್ತೆ ಬದಿಗೆ ಉಮ್ಮರಾಕರ ದಿನಸಿ ಅಂಗಡಿ, ಅದರ ಮಗ್ಗುಲಿಗೆ ದೇವಕಿಯ ಕೋಣೆ, ಹಿಂದಿನಿಂದ ಮಾಳಿಗೆಗೆ ಮೆಟ್ಟಿಲು. ಗ್ರಿಲ್ಲಿಗೆ ಬೀಗ ನೇತಾಡುತ್ತಿತ್ತು. ಮೇಲಿನ ಕಿಟಕಿ ಮುಚ್ಚಿತ್ತು. ಬಿಸಿಲಿಗೆ ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ.

“ಒಂದು ಗಂಟೆ ಬಸ್ಸಿಗೆ ಹೋದ ಜನ ಮೇಡಂ, ನಾನು ಪಳ್ಳಿಗೆ ನಮಾಜಿಗೆ ಹೋಗಿ ಬರುವಾಗ ಬೀಗ ಹಾಕಿ ಆಗಿತ್ತು. ಇವರು ಸುಮ್ಮನೆ ಹೆದರುದು,” ಎಂದರು ಉಮ್ಮರಾಕ.

“ಬಸ್ ಹತ್ತಿದ್ದು ನೋಡಿದ್ದೀರಾ?” ಎಂದು ಕೇಳಿದೆ. “ಇಲ್ಲ, ಬೀಗ ಮಾತ್ರ ನೋಡಿದ್ದು,” ಎಂದರು.

ದೇವಕಿಯ ಕೋಣೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡೆವು. ಫ್ಯಾನು ಆರಿಸಿದೆವು. ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ದಾರಕ್ಕೆ ನೇತು ಹಾಕಿದ ಏಳೆಂಟು ರವಿಕೆಗಳು. ನಾಲ್ಕೂ ಜನ ಉಸಿರು ಬಿಗಿಹಿಡಿದು ನಿಂತೆವು. ಒಂದು ನಿಮಿಷ ಏನೂ ಇಲ್ಲ, ಎರಡು ನಿಮಿಷ ಏನೂ ಇಲ್ಲ. ನನಗೆ ನಾಚಿಕೆಯಾಗತೊಡಗಿತು. ಅಷ್ಟರಲ್ಲಿ ನಮ್ಮ ತಲೆಯ ನೇರಕ್ಕೆ, ಕಾಂಕ್ರೀಟಿನ ಆಚೆಯಿಂದ ಅದು ಬಂತು.

ಸ್ರ್…

ತುಂಬಾ ಹೊತ್ತಿನ ನಂತರ ಇನ್ನೊಮ್ಮೆ ಸ್ರ್… ಎಂದಿತು.

ಕಬ್ಬಿಣ ಕಲ್ಲಿಗೆ ತಾಗುವ ಶಬ್ದ, ಅನುಮಾನವೇ ಇಲ್ಲ. ಉಮ್ಮರಾಕರ ಕಿವಿಗೆ ಬಿತ್ತೋ ಇಲ್ಲವೋ, ನಮ್ಮ ಮುಖ ನೋಡಿಯೇ ಅವರ ತುಟಿ ಪ್ರಾರ್ಥನೆಗೆ ಅಲುಗತೊಡಗಿತು. ಹೆಣ ನೋಡಿದ್ದೇನೆ, ಕೊಲೆಯಾದ ಮನೆಗಳಲ್ಲಿ ಮಹಜರು ಬರೆದಿದ್ದೇನೆ. ಆದರೆ ಆ ಮಟಮಟ ಮಧ್ಯಾಹ್ನ ಆ ಕೋಣೆಯಲ್ಲಿ ನಿಂತಾಗ ಆದಷ್ಟು ಹೆದರಿಕೆ ನನಗೆ ಎಂದೂ ಆಗಿರಲಿಲ್ಲ. ಯಾರೋ ನಮ್ಮನ್ನು ಕಾದು ಕುಳಿತು, ಸಾವಕಾಶವಾಗಿ ಕತ್ತಿ ಸಿದ್ಧ ಮಾಡುತ್ತಿರುವಂತೆ ಅನಿಸಿತು. ನನ್ನ ಕೈ ತಾನಾಗಿ ಸೊಂಟದ ಪಿಸ್ತೂಲಿನ ಚೀಲಕ್ಕೆ ಹೋಯಿತು. ಅದರಲ್ಲಿ ಪಿಸ್ತೂಲು ಇರಲಿಲ್ಲ, ಠಾಣೆಯಲ್ಲೇ ಬಿಟ್ಟು ಬಂದಿದ್ದೆ.

ಕುಶಾಲಪ್ಪಣ್ಣ ಮಾತ್ರ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹತ್ತಿ, ಕಿವಿಯನ್ನು ಮಾಡಿಗೆ ಹತ್ತಿರ ಹಿಡಿದು ಕಣ್ಣು ಮುಚ್ಚಿ ಕೇಳುತ್ತಿದ್ದರು. ಐದಾರು ಸಲ ಆ ಶಬ್ದ ಬರುವವರೆಗೆ ಕೇಳಿದರು. ಆಮೇಲೆ ಕೆಳಗೆ ನೋಡಿದರು. ಅವರ ಮುಖ ಬದಲಾಗಿತ್ತು.

“ಮೇಡಂ, ಇದು ಮಸೆಯುದಲ್ಲ.”

“ಮತ್ತೆ ಎಂತದು?”

“ಮಸೆಯುವವ ಕತ್ತಿ ಮಗುಚುತ್ತಾನೆ. ಇದು ಮಗುಚಿದ್ದೇ ಇಲ್ಲ, ಒಂದ್ರಲ್ಲೇ ಎಳೀತಾ ಉಂಟು.”

“ಕಸಿ ಕತ್ತಿಗೆ ಒಂದೇ ಮಗ್ಗುಲು ಬಾಯಿ ಅಲ್ವಾ?” ಎಂದೆ. ಅವರ ಬಾಯಿಂದಲೇ ಕಲಿತ ವಿದ್ಯೆ.

“ಅದಕ್ಕೂ ನೂಲು ತೆಗೀಲಿಕ್ಕೆ ಕೊನೆಗೊಮ್ಮೆ ಮಗುಚಲೇ ಬೇಕು. ಹತ್ತು ಎಳೆದ ಮೇಲೆ ನಿಲ್ಲಿಸಿ ಬೆರಳಿಟ್ಟು ನೋಡ್ಬೇಕು. ಇದು ನೋಡುದಿಲ್ಲ. ನೀರೂ ಇಲ್ಲ, ಒಣ ಶಬ್ದ. ಎರಡು ದಿನ ಹೀಗೆ ಎಳೆದರೆ ಬಾಯಿ ಇರ್ತದಾ ಮಾರಾಯ್ರೆ, ಕತ್ತಿಯೇ ಹಾಳಾಗಿ ಹೋಗ್ತದೆ. ಕಸಿ ಕಟ್ಟುವವ ಸತ್ತರೂ ತನ್ನ ಕತ್ತಿಗೆ ಹೀಗೆ ಮಾಡ್ಲಿಕ್ಕಿಲ್ಲ.” ಕೆಳಗೆ ಕೈ ಚಾಚಿ, “ಕಸಬರಿಕೆ ಕೊಡಿ,” ಎಂದರು.

ಕಸಬರಿಕೆಯ ಹಿಡಿಯಿಂದ ಮಾಡಿಗೆ ಮೂರು ಸಲ ಕುಟ್ಟಿದರು. ಶಬ್ದ ನಿಂತಿತು. ಆಮೇಲೆ ಮೇಲಿನಿಂದ ಬಂತು, ನಿಧಾನವಾಗಿ, ಬಿಟ್ಟು ಬಿಟ್ಟು: ಸ್ರ್. ಸ್ರ್. ಸ್ರ್.

ಮೂರು. ನಾಲ್ಕನೆಯದು ಬರಲಿಲ್ಲ.

ದೇವಕಿಯ ಬಾಯಿಂದ ಒಂದು ಸಣ್ಣ ಧ್ವನಿ ಹೊರಟಿತು. ನಾವು ಮೂವರೂ ಅಷ್ಟರಲ್ಲಿ ಬಾಗಿಲ ಹೊರಗಿದ್ದೆವು.

ಗ್ರಿಲ್ ಬಾಗಿಲಿಗೆ ಬೀಗವನ್ನು ಹೊರಗಿನಿಂದಲೂ ಹಾಕಬಹುದು, ಸರಳುಗಳ ಸಂದಿಯಲ್ಲಿ ಕೈ ಇಟ್ಟು ಒಳಗಿನಿಂದಲೂ ಹಾಕಬಹುದು. ನೋಡುವವರಿಗೆ ಎರಡೂ ಒಂದೇ. ಸ್ನಾನಕ್ಕೆ ಹೋಗುವಾಗ ಒಳಗಿನಿಂದ ಬೀಗ ಹಾಕಿಕೊಳ್ಳುವುದು ಬಾಬಣ್ಣನ ರೂಢಿಯಾಗಿತ್ತಂತೆ. ಅಂಗಡಿಯ ಹಾರೆಯಿಂದ ಕುಶಾಲಪ್ಪಣ್ಣ ಬೀಗ ಒಡೆದರು. ಮೇಲಿನ ಬಾಗಿಲಿಗೆ ಚಿಲಕ ಇರಲಿಲ್ಲ. ಆಗ ಮೂರು ನಲವತ್ತು.

ಬಾಬಣ್ಣ ಕೆಂಪು ನೆಲದ ಮೇಲೆ ಬಲ ಮಗ್ಗುಲಿಗೆ ಬಿದ್ದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಡಲು ತಯಾರಾದ ಮನುಷ್ಯ. ಬಾಗಿಲ ಬಳಿ ಬ್ಯಾಗು, ಅದರೊಳಗೆ ಬ್ಯಾಟರಿ ಮುಗಿದ ಫೋನು. ಮಗುಚಿದ ನೀರಿನ ಬಟ್ಟಲು, ಪಕ್ಕಕ್ಕೆ ಸಿಡಿದ ಮಸೆಗಲ್ಲು. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆಯೆಂದು ಕತ್ತಿ ಮಸೆಯಲು ಕುಳಿತವರಿಗೆ ಅಲ್ಲೇ ಸ್ಟ್ರೋಕ್ ಹೊಡೆದಿತ್ತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿತ್ತು, ಮಾತು ನಿಂತಿತ್ತು. ಆ ಶನಿವಾರ ನಾಲ್ಕು ಗಂಟೆಗೆ ಎಚ್ಚರವಾಗಿರಬೇಕು. ಎಡಗೈಗೆ ಸಿಕ್ಕಿದ್ದು ಕತ್ತಿ ಒಂದೇ. ಅದನ್ನು ಹಿಡಿದು ನೆಲಕ್ಕೆ ಉಜ್ಜುತ್ತಾ ಬಂದಿದ್ದರು. ಕೆಂಪು ನೆಲದಲ್ಲಿ ಗೇಣುದ್ದದ ಬಿಳಿ ಗೀರು ಬಿದ್ದು, ಅದರ ಮೇಲೆ ಅಂಗೈಯ ರಕ್ತ ಒಣಗಿ ಕಪ್ಪಾಗಿತ್ತು.

ಕಣ್ಣು ತೆರೆದಿತ್ತು. ನಮ್ಮನ್ನು ನೋಡಿಯೂ ಕೈ ನಿಲ್ಲಲಿಲ್ಲ, ಇನ್ನೊಮ್ಮೆ ಎಳೆಯಿತು.

ಕುಶಾಲಪ್ಪಣ್ಣ ಮೊಣಕಾಲೂರಿ ಆ ಕೈಯನ್ನು ಹಿಡಿದುಕೊಂಡರು. “ಯಾವು ಬಾಬಣ್ಣ, ಇತ್ತೆ ಬುಡ್ಲೆ. ಎಂಕುಲು ಬೈದ,” ಎಂದು ತುಳುವಿನಲ್ಲಿ ಹೇಳಿದರು. ಸಾಕು, ಇನ್ನು ಬಿಡಿ, ನಾವು ಬಂದಿದ್ದೇವೆ ಎಂದು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ ಮೇಲೆ ಕತ್ತಿ ನನ್ನ ಕೈಗೆ ಬಂತು. ಬಾಯಿ ಎಂಬುದೇ ಉಳಿದಿರಲಿಲ್ಲ. ಅಲಗಿನ ಒಂದು ಮಗ್ಗುಲು ಸವೆದು ಚಪ್ಪಟೆಯಾಗಿತ್ತು. ಮಗುವಿನ ಕೈಗೂ ಕೊಡಬಹುದಾದ ಕಬ್ಬಿಣದ ತುಂಡು.

108ರಲ್ಲಿ ಪುತ್ತೂರಿನ ಆಸ್ಪತ್ರೆಗೆ ಸೇರಿಸಿದೆವು. ನಾನು ವೈದ್ಯರನ್ನು ನೇರವಾಗಿ ಕೇಳಿದೆ: ಒಂದು ದಿನ ಮೊದಲು ತಂದಿದ್ದರೆ? ಅವರು ಯುವಕ, ಸುಳ್ಳು ಹೇಳಲು ಕಲಿತಿರಲಿಲ್ಲ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದು ಭಾನುವಾರ ಬೆಳಿಗ್ಗೆಗೇ ಮೀರಿತ್ತು ಎಂದರು. ಆಮೇಲೆ, “ಆದರೆ ನೀರಿಲ್ಲದೆ ಬಿದ್ದದ್ದರಿಂದ ಕಿಡ್ನಿಗೆ ಆದದ್ದು, ಶ್ವಾಸಕೋಶಕ್ಕೆ ಆದದ್ದು ಬೇರೆ. ಅದರಲ್ಲಿ ಒಂದು ದಿನ ಅಂದರೆ ತುಂಬ ದೊಡ್ಡದು,” ಎಂದರು. ಭಾನುವಾರ ಹತ್ತು ನಲವತ್ತರಿಂದ ಸೋಮವಾರ ಮೂರು ನಲವತ್ತಕ್ಕೆ ಇಪ್ಪತ್ತೊಂಬತ್ತು ಗಂಟೆ. ಅದು ನನ್ನ ಲೆಕ್ಕ.

ಸಾಹೇಬರ ಮುಂದೆ ಅರ್ಜಿ ಇಟ್ಟು ನಡೆದದ್ದನ್ನು ಹೇಳಿದೆ. ಅವರು ಎರಡು ಸಲ ಓದಿದರು. “ಬರೆದದ್ದರಲ್ಲಿ ತಪ್ಪೇನೂ ಇಲ್ಲವಲ್ಲ ಮೇಡಂ, ಸಹಿಯೂ ಇದೆ. ಮುಕ್ತಾಯ ಮಾಡಿ,” ಎಂದರು. ಅವರು ಹೇಳಿದ್ದು ನಿಜ. ಆ ಕಾಗದದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಇಂದಿಗೂ ಅದನ್ನು ನೆನೆದರೆ ನನಗೆ ಆ ಶಬ್ದಕ್ಕಿಂತ ಹೆಚ್ಚು ಭಯವಾಗುತ್ತದೆ. ಒಬ್ಬ ಮನುಷ್ಯ ನೆಲ ಕೆರೆದು ಕರೆದದ್ದನ್ನು ಒಬ್ಬ ಹೆಂಗಸು ಕೇಳಿಸಿಕೊಂಡು ಬಸ್ಸು ಹತ್ತಿ ನಮ್ಮವರೆಗೆ ತಂದಿದ್ದಳು. ನಾನು ಅದನ್ನು ಚೆಂದದ ಅಕ್ಷರದಲ್ಲಿ ಹೂತುಹಾಕಿದ್ದೆ.

ಮೂರು ವಾರದ ಬಳಿಕ ಆಸ್ಪತ್ರೆಗೆ ಹೋದೆ. ಯೂನಿಫಾರ್ಮ್ ಇಲ್ಲದೆ, ರಜೆ ಹಾಕಿ. ಬಾಬಣ್ಣ ವಾರ್ಡಿನಲ್ಲಿದ್ದರು, ಮಾತು ಮರಳಿರಲಿಲ್ಲ. ತಂಗಿ ಕಮಲಾಕ್ಷಿ ಪಕ್ಕದಲ್ಲಿದ್ದರು. ಫೋನು ತೆಗೆಯದಿದ್ದಾಗ, ಅಣ್ಣನಿಗೆ ಬರಲು ಮನಸ್ಸಿಲ್ಲವೆಂದು ಎಣಿಸಿ ಕೋಪ ಮಾಡಿಕೊಂಡೇ ಮನೆ ಒಕ್ಕಲು ಮುಗಿಸಿದವರು ಅವರು. ನಾನು ಕುರ್ಚಿ ಎಳೆದುಕೊಂಡು, “ಬಾಬಣ್ಣ, ಕೆಳಗಿನ ಮನೆಯವರು ಭಾನುವಾರವೇ ಬಂದು ಹೇಳಿದ್ದರು. ನಾನು ಸರಿ ಕೇಳ್ಲಿಲ್ಲ. ತಪ್ಪು ನನ್ನದು,” ಎಂದೆ.

ಅವರ ಎಡಗೈ ಹಾಸಿಗೆಯ ಬಟ್ಟೆಯ ಮೇಲೆ ಹಿಂದೆ ಮುಂದೆ ಚಲಿಸತೊಡಗಿತು. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ.

“ಹೆದರ್ಬೇಡಿ ಮೇಡಂ,” ಎಂದರು ಕಮಲಾಕ್ಷಿ. “ಎಂತ ಬೇಕಾದರೂ ಈಗ ಹೀಗೇ ಮಾಡುದು. ನಾವು ಒಂದೊಂದೇ ಕೇಳುದು. ಸರಿಯಾದ್ದು ಹೇಳಿದರೆ ಕೈ ನಿಲ್ತದೆ.”

ನಾನು ಕೇಳಿದೆ. ನೀರಾ? ಕೈ ನಿಲ್ಲಲಿಲ್ಲ. ಮಗ್ಗುಲು ಬದಲಿಸಬೇಕಾ? ಫ್ಯಾನಾ? ಡಾಕ್ಟರಾ? ಕತ್ತಿ ತಂದುಕೊಡ್ಬೇಕಾ? ನಿಲ್ಲಲಿಲ್ಲ. “ನನ್ನ ಮೇಲೆ ಸಿಟ್ಟುಂಟಾ?” ಎಂದೂ ಕೇಳಿದೆ. ಕೈ ಅದಕ್ಕೂ ನಿಲ್ಲಲಿಲ್ಲ. ಕೇಳಲು ಏನೂ ಉಳಿಯದೆ ಕೊನೆಗೆ, “ಕೆಳಗಿನಿಂದ ಕುಟ್ಟಿದವರನ್ನು ನೋಡ್ಬೇಕಾ?” ಎಂದೆ.

ಕೈ ನಿಂತಿತು.

ಹೊರಗೆ ಬಂದು ದೇವಕಿಗೆ ಫೋನ್ ಮಾಡಿ ಇದನ್ನು ಹೇಳಿದೆ. “ನಾನು ಕುಟ್ಟಿದಾಗ ಅವರು ಎಣಿಸಿರಬಹುದು, ಕೆಳಗಿನವರಿಗೆ ಕೇಳಿತು, ಈಗ ಬರ್ತಾರೆ ಅಂತ. ಮತ್ತೆ ಎರಡು ದಿನ ಕಾದರು. ನಾನು ಹೆದರಿ ಕುಟ್ಟಿದ್ದು, ನಿಲ್ಲಿಸಲಿ ಅಂತ ಕುಟ್ಟಿದ್ದು. ಇದ್ದದ್ದು ಹೇಳ್ಲಾ ಮೇಡಂ?” ಎಂದು ಕೇಳಿದರು. ಹೇಳಬೇಕೋ ಬೇಡವೋ ನನಗೂ ಗೊತ್ತಿಲ್ಲ ಎಂದೆ.

ನಿವೃತ್ತಿಯಾಗುವವರೆಗೆ ಮುಂದೆ ನಾನು ಬರೆದ ಎಲ್ಲ ಅರ್ಜಿಗಳ ಮೊದಲ ಸಾಲು ಬಂದವರ ಬಾಯಿಂದ ಬಂದ ಮಾತೇ ಆಗಿತ್ತು. ತುಳುವಾದರೆ ತುಳು, ಬ್ಯಾರಿಯಾದರೆ ಬ್ಯಾರಿ. ಅದರ ಕೆಳಗೆ ಠಾಣೆಯ ಕನ್ನಡ. ಸಾಹೇಬರು ನಕ್ಕರು, ಕಾಗದ ದಂಡ ಎಂದರು. ನಾನು ಬಿಡಲಿಲ್ಲ. ಕೇಳಿದ್ದನ್ನು ಬರೆಯುವುದು ಕಷ್ಟ, ಗೊತ್ತಿದ್ದದ್ದನ್ನು ಬರೆಯುವುದು ಸುಲಭ. ಇದನ್ನು ಕಲಿಯಲು ನನಗೆ ಅಷ್ಟು ವರ್ಷ ಹಿಡಿಯಿತು, ಅದರ ಬೆಲೆ ತೆತ್ತವರು ಬೇರೆಯವರು.

ದೇವಕಿ ಮರುದಿನವೇ ಪುತ್ತೂರಿಗೆ ಹೋಗಿ ಬಂದರು. ಸಂಜೆ ಫೋನ್ ಮಾಡಿದರು. ಬಾಬಣ್ಣ ಕ್ಷಮಿಸಿದರು ಎಂದು ಇಲ್ಲಿ ಬರೆದರೆ ಓದುವವರಿಗೆ ಸಮಾಧಾನವಾದೀತು, ನನಗೂ ಆದೀತು. ಆದರೆ ಆಕೆ ಹಾಗೆ ಹೇಳಲಿಲ್ಲ. ಆಕೆ ಹೇಳಿದ್ದು ಇಷ್ಟು: “ಇದ್ದದ್ದು ಹೇಳಿದೆ ಮೇಡಂ. ಅವರ ಕಣ್ಣಲ್ಲಿ ನೀರು ಬಂತು. ನಗಾಡಿದ ಹಾಗೂ ಇತ್ತು. ಯಾವುದು ಅಂತ ನನಗೆ ಗೊತ್ತಾಗ್ಲಿಲ್ಲ.”